ದೆಹಲಿ ಕನಕಾಂಬರ: ಕುಡಿ ಕೊಡೋಣ, ಮಣ್ಣು ಬೇಡ

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಲೆಕ್ಕಪತ್ರದ ಮಾತು ಕಾರ್ಯದರ್ಶಿಗಳು ಆಡಿದ್ದಾರೆ. ನಾವು ಕನಕಾಂಬರದ ಬಗ್ಗೆ ನಾಲ್ಕು ಮಾತು ಹೇಳಿ ಕೂತ್ಕೋತೀವಿ.

ನಮ್ಮ ಹಿರಿಯರು ಹಿತ್ತಲಲ್ಲಿ ಬೆಳೆಸುತ್ತಿದ್ದ ಕನಕಾಂಬರದಲ್ಲಿ ಬೀಜ ಆಗುತ್ತಿತ್ತು. ಒಣಗಿದ ಕಾಯಿಗೆ ನೀರು ತಾಗಿದರೆ ಚಟ್ ಅಂತ ಸಿಡಿಯೋದು. ಚಿಕ್ಕವರಿದ್ದಾಗ ನಾವೆಲ್ಲ ಅದರಲ್ಲಿ ಆಡಿದವರೇ. ಈಗ ತೋಟದಲ್ಲಿ ಹಾಕುವ ದೆಹಲಿ ತಳಿ ಬೀಜ ಕಟ್ಟುವುದಿಲ್ಲ. ಹೂ ದೊಡ್ಡದು, ಬಣ್ಣ ಚೆಂದ. ಆದರೆ ಗಿಡವನ್ನು ಕುಡಿಯಿಂದಲೇ ಮಾಡಬೇಕು. ಅಂದರೆ ಒಬ್ಬರ ತೋಟದ್ದು ಇನ್ನೊಬ್ಬರ ತೋಟಕ್ಕೆ ಹೋಗಲೇಬೇಕು. ಇದೂ ಒಂದು ಸಹಕಾರವೇ.

ಇಲ್ಲೇ ನಾವು ಎಡವಿದ್ದು. ಕೆಲವು ವರ್ಷದ ಹಿಂದೆ ಪಕ್ಕದ ಜಮೀನಿನ ಮೂವರು ಕೇಳಿದರು ಅಂತ ಸಸಿಗಳನ್ನು ಮಣ್ಣು ಸಮೇತ ಕಿತ್ತು ಕೊಟ್ಟೆವು. ಆಗಲೇ ನಮ್ಮ ತೋಟದ ಒಂದು ಮೂಲೆ ಹಳದಿ ತಿರುಗಿತ್ತು. ಗೊಬ್ಬರ ಸಾಲದು ಅಂದ್ಕೊಂಡೆವು. ಆಮೇಲೆ ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಅದು ಜಂತುಹುಳುವಿನ ಕಾಟ. ವರ್ಷದೊಳಗೆ ಆ ಮೂವರ ಗಿಡಗಳೂ ಸೊರಗಿದವು. ಅವರು ನಮ್ಮನ್ನು ಒಂದು ಮಾತೂ ಬೈಯಲಿಲ್ಲ. ಅದೇ ನಮಗೆ ಹೆಚ್ಚು ನೋವು.

ಈ ಹುಳ ಇರುವುದು ಬೇರಲ್ಲಿ, ಮಣ್ಣಲ್ಲಿ, ಕುಡಿಯಲ್ಲಲ್ಲ. ಆದ್ದರಿಂದ ಬೇರಿನ ಸಸಿ ಕೊಡಬೇಡಿ, ತರಬೇಡಿ. ಆರೋಗ್ಯವಾದ ಗಿಡದ ತುದಿಯಿಂದ 4 ರಿಂದ 6 ಅಂಗುಲದ ಕುಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ. ಹೂತೆನೆ, ಕೆಳಗಿನ ಎಲೆ ತೆಗೆದು ಶುದ್ಧ ಮರಳಿನಲ್ಲಿ ನೆಡಿ. ನೆರಳಿರಲಿ, ತೇವ ಇರಲಿ, ನೀರು ನಿಲ್ಲಬಾರದು. 3-4 ವಾರಕ್ಕೆ ಬೇರು ಬರುತ್ತೆ. ನಾಟಿಗೆ ಮುಂಚೆ ಭೂಮಿಗೆ ಬೇವಿನ ಹಿಂಡಿ ಸೇರಿಸಿ. ಹುಳ ಬಿದ್ದ ಜಾಗದಲ್ಲಿ ಒಂದು ಬೆಳೆ ಚೆಂಡು ಹೂ ಹಾಕಿ. ಬದನೆ, ಟೊಮೆಟೊ ಹಾಕಿದರೆ ಹುಳಕ್ಕೆ ನಾವೇ ಊಟ ಇಟ್ಟ ಹಾಗೆ.

ಸಂಘದ ಗೋದಾಮಿನ ಹಿಂದೆ ಖಾಲಿ ಜಾಗ ಇದೆ. ಅಲ್ಲೊಂದು ಸಸಿಮಡಿ ಮಾಡಿ, ಶುದ್ಧ ತಾಯಿಗಿಡ ಇಟ್ಟು, ಸದಸ್ಯರಿಗೆ ಸಸಿ ಕೊಡೋಣ ಅಂತ ಈ ಸಭೆ ಮುಂದೆ ಕೇಳಿಕೊಳ್ತೀವಿ. ಬೇಸಗೆಯಲ್ಲಿ ಮಡಿ ಮಣ್ಣನ್ನು ನೆನೆಸಿ, ತೆಳು ಪಾಲಿಥೀನ್ ಹೊದಿಸಿ 4-6 ವಾರ ಬಿಸಿಲಿಗೆ ಕಾಯಿಸುವ ಕೆಲಸ ನಮ್ಮದು. ಮೊದಲ ಸಸಿ ಆ ಮೂವರಿಗೇ ಸಲ್ಲಬೇಕು.