ಗುರು, ಶಿಷ್ಯ, ಸಖ, ಆಪ್ತ: ಡೆಕ್ಕನ್ ಕಾಲೇಜಿನ ದಿವಂಗತ ವಿದ್ಯಾರ್ಥಿಗಳ ಸ್ಮರಣೆ

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥

(ಶ್ರೀಮಠದ ಪುಣೆ ಶಾಖೆಯಲ್ಲಿ ಮಹಾಲಯ ಪಕ್ಷದ ನಿಮಿತ್ತ ನಡೆದ ಉಪನ್ಯಾಸದ ಲಿಖಿತ ರೂಪ)

ಭಾದ್ರಪದ ಬಹುಳ ಪ್ರತಿಪದೆಯಿಂದ ಅಮಾವಾಸ್ಯೆಯವರೆಗಿನ ಪಕ್ಷವು ಪಿತೃಗಳಿಗೆ ಮೀಸಲಾದುದೆಂಬುದು ಆಸ್ತಿಕರೆಲ್ಲರಿಗೂ ವಿದಿತವಾದ ಸಂಗತಿ. ಈ ಪಕ್ಷದಲ್ಲಿ ಕರ್ತೃವು ತಂದೆ, ತಾತ, ಮುತ್ತಾತರಿಗೂ, ತಾಯಿ ಮೊದಲಾದವರಿಗೂ, ಮಾತೃವಂಶದ ಹಿರಿಯರಿಗೂ ತಿಲೋದಕವನ್ನು ಕೊಟ್ಟ ಬಳಿಕ ಸರ್ವಪಿತೃಗಳ ಪಟ್ಟಿ ಆರಂಭವಾಗುತ್ತದೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ, ಅತ್ತೆಮಾವಂದಿರು ಮುಂತಾದ ಬಂಧುವರ್ಗವೆಲ್ಲ ಮುಗಿದು, ಕೊನೆಯಲ್ಲಿ ಗುರು, ಆಚಾರ್ಯ, ಶಿಷ್ಯ, ಸಖ, ಆಪ್ತ ಎಂಬ ಹೆಸರುಗಳು ಬರುತ್ತವೆ. ಆ ವೇಳೆಗೆ ಮಧ್ಯಾಹ್ನ ಮೀರಿರುತ್ತದೆ. ಪುರೋಹಿತರು ಮುಂದಿನ ಮನೆಗೆ ಹೋಗಬೇಕಾಗಿರುತ್ತದೆ. ಕರ್ತೃವಿಗೂ ಬೇರೆ ಹೆಸರುಗಳು ತೋಚುವುದಿಲ್ಲ. ಹೀಗಾಗಿ ಬಹಳಷ್ಟು ಮನೆಗಳಲ್ಲಿ ಪಟ್ಟಿಯ ಈ ಕೊನೆಯ ಸಾಲು ಹೆಸರಿಲ್ಲದೆಯೇ ಮುಗಿದುಹೋಗುತ್ತದೆ.

ಆ ಸಾಲನ್ನು ಸ್ವಲ್ಪ ನಿಂತು ಗಮನಿಸುವುದೇ ಈ ಉಪನ್ಯಾಸದ ಉದ್ದೇಶ. ಗುರು, ಆಚಾರ್ಯ, ಶಿಷ್ಯ, ಸಖ, ಆಪ್ತ ಇವರು ರಕ್ತಸಂಬಂಧಿಗಳಲ್ಲ. ವಿದ್ಯೆಯ ಮೂಲಕ, ಸಹವಾಸದ ಮೂಲಕ ಬಂಧುಗಳಾದವರು. ಶಾಸ್ತ್ರವು ಇವರಿಗೂ ಪಿತೃಗಳ ಪಂಕ್ತಿಯಲ್ಲಿ ಸ್ಥಾನವನ್ನು ಕಲ್ಪಿಸಿದೆ. ಒಂದು ವಿದ್ಯಾಪೀಠದಲ್ಲಿ ಇರುವ ಸಂಬಂಧಗಳೂ ಇವೇ ಅಲ್ಲವೇ? ಹಾಗಾದರೆ ವಿದ್ಯಾಪೀಠದಲ್ಲಿ ಕಲಿತು, ಕಲಿಸಿ, ಕಾಲವಶರಾದವರ ಸ್ಮರಣೆಯು ಇಂಗ್ಲಿಷ್ ಪದ್ಧತಿಯಿಂದ ಬಂದ ಸಂಪ್ರದಾಯವಷ್ಟೇ ಅಲ್ಲ. ಮಹಾಲಯದ ಪಟ್ಟಿಯಲ್ಲಿ ಅದಕ್ಕೆ ಮೊದಲಿನಿಂದಲೂ ಅವಕಾಶವಿದೆ. ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಪುಣೆಯ ಯರವಡಾ ಭಾಗದಲ್ಲಿರುವ ಡೆಕ್ಕನ್ ಕಾಲೇಜು ಅಂಥ ಒಂದು ವಿದ್ಯಾಪೀಠ.

ಡೆಕ್ಕನ್ ಕಾಲೇಜಿನ ಮೂಲವು ದಕ್ಷಿಣೆಯಲ್ಲಿದೆ. ಪೇಶ್ವೆಯರ ಕಾಲದಲ್ಲಿ ಶ್ರಾವಣ ಮಾಸದಲ್ಲಿ ವೇದಶಾಸ್ತ್ರಪಾರಂಗತರಾದ ಬ್ರಾಹ್ಮಣರಿಗೆ ಪುಣೆಯಲ್ಲಿ ದಕ್ಷಿಣೆ ಸಲ್ಲುತ್ತಿತ್ತು. ಅದಕ್ಕಾಗಿ ದೂರದೂರದ ಪ್ರಾಂತಗಳಿಂದ ಪಂಡಿತರು ಬರುತ್ತಿದ್ದರು. 1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡಿತು. ಮುಂದೆ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನು ಆ ದಕ್ಷಿಣೆಯ ಹಣದ ಒಂದು ಭಾಗವನ್ನು ವಿನಿಯೋಗಿಸಿ, 1821ರ ಅಕ್ಟೋಬರ್ 6ರಂದು ವಿಶ್ರಾಮಬಾಗ್ ವಾಡೆಯಲ್ಲಿ ಹಿಂದೂ ಕಾಲೇಜನ್ನು ಆರಂಭಿಸಿದನು. ಅಲ್ಲಿ ನಮ್ಮ ಶಾಸ್ತ್ರಗಳ ಪಾಠವೇ ಮೊದಲು ನಡೆಯುತ್ತಿತ್ತು. 1851ರಲ್ಲಿ ಅದು ಪೂನಾ ಕಾಲೇಜೆಂದಾಯಿತು. 1864ರಲ್ಲಿ ಡೆಕ್ಕನ್ ಕಾಲೇಜೆಂಬ ಹೆಸರು ಬಂದಿತು. ಸರ್ ಜಮ್‌ಶೇಟ್‌ಜೀ ಜೀಜೀಭಾಯಿಯವರ ಉದಾರ ದಾನದಿಂದ ಯರವಡೆಯಲ್ಲಿ ಕಲ್ಲಿನ ಭವ್ಯ ಕಟ್ಟಡವು ಎದ್ದಿತು. 1868ರಲ್ಲಿ ಕಾಲೇಜು ಅಲ್ಲಿಗೆ ಸ್ಥಳಾಂತರಗೊಂಡಿತು. ವೈದಿಕರ ದಕ್ಷಿಣೆಯೂ ಪಾರಸೀಕ ದಾನಿಯ ದ್ರವ್ಯವೂ ಕೂಡಿ ವಿದ್ಯಾದಾನವಾಗಿ ಪರಿಣಮಿಸಿದ್ದು ಹೀಗೆ.

ಈ ಕಾಲೇಜಿಗೂ ಕನ್ನಡ ನಾಡಿಗೂ ಇರುವ ನಂಟನ್ನು ನದಿಯೇ ತೋರಿಸುತ್ತದೆ. ಪುಣೆಯಲ್ಲಿ ಕೂಡುವ ಮುಳಾ ಮುಠಾ ನದಿಗಳು ಯರವಡೆಯ ಮಗ್ಗುಲಲ್ಲಿ ಹರಿದು, ಮುಂದೆ ಭೀಮೆಯನ್ನು ಸೇರುತ್ತವೆ. ಆ ಭೀಮೆಯು ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ ವಿಠ್ಠಲನ ಪಾದದ ಬಳಿ ಹರಿದು, ವಿಜಾಪುರ, ಕಲಬುರ್ಗಿ ಸೀಮೆಗಳನ್ನು ತಣಿಸಿ ಕೃಷ್ಣೆಯಲ್ಲಿ ಲೀನವಾಗುತ್ತದೆ. ಇದೇ ಭೀಮೆಯಲ್ಲಿ ಕುದುರೆಯ ಮೇಲಿಂದಲೇ ಬಾಗಿ ನೀರು ಕುಡಿದ ತರುಣನೊಬ್ಬನನ್ನು ಶ್ರೀಅಕ್ಷೋಭ್ಯತೀರ್ಥರು ಕಂಡರೆಂದೂ, ಆ ತರುಣನೇ ಮುಂದೆ ಶ್ರೀಜಯತೀರ್ಥರಾಗಿ ಟೀಕಾಚಾರ್ಯರೆನಿಸಿದರೆಂದೂ ಸಂಪ್ರದಾಯವು ಹೇಳುತ್ತದೆ. ನೀರು ಪುಣೆಯಿಂದ ಕನ್ನಡ ನಾಡಿಗೆ ಹರಿದರೆ, ಮುಂಬಯಿ ಪ್ರಾಂತದ ಕಾಲದಲ್ಲಿ ವಿದ್ಯಾರ್ಥಿಗಳು ಕನ್ನಡ ನಾಡಿನಿಂದ ಪುಣೆಗೆ ಬಂದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಗುವವರೆಗೂ, ಆ ಬಳಿಕವೂ ಎಷ್ಟೋ ವರ್ಷಗಳ ಕಾಲ, ಬಿ.ಎ. ಓದಬಯಸಿದ ಉತ್ತರ ಕರ್ನಾಟಕದ ಹುಡುಗರಿಗೆ ಪುಣೆಯು ಒಂದು ಮುಖ್ಯ ವಿದ್ಯಾಕ್ಷೇತ್ರವಾಗಿತ್ತು.

ಹಾಗೆ ಬಂದವರಲ್ಲಿ ಮೊದಲು ಸ್ಮರಿಸತಕ್ಕವರು ಗುರುದೇವ ರಾನಡೆಯವರು. ರಾಮಚಂದ್ರ ದತ್ತಾತ್ರೇಯ ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಜನಿಸಿದರು. ಡೆಕ್ಕನ್ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿಯೇ ಅಧ್ಯಾಪಕರಾಗಿ, 1926ರಲ್ಲಿ ಉಪನಿಷತ್ತುಗಳ ತತ್ತ್ವವನ್ನು ಕುರಿತು ಆಂಗ್ಲ ಭಾಷೆಯಲ್ಲಿ ಬರೆದ ಮಹಾಗ್ರಂಥವನ್ನು ಪ್ರಕಟಿಸಿದರು. ಬಳಿಕ ಅಲಹಾಬಾದ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ, ಕುಲಪತಿಗಳೂ ಆಗಿ, ಕೊನೆಗೆ ಇಂಡಿ ತಾಲೂಕಿನ ನಿಂಬಾಳದ ಆಶ್ರಮಕ್ಕೆ ಮರಳಿ 1957ರ ಜೂನ್ 6ರಂದು ದೇಹವನ್ನಿಟ್ಟರು. ಕನ್ನಡ ಸಾಹಿತ್ಯದಲ್ಲಿನ ಭಗವನ್ಮಾರ್ಗವನ್ನು ಕುರಿತ ಅವರ ಉಪನ್ಯಾಸಗಳು ಅವರ ನಿಧನಾನಂತರ ಗ್ರಂಥರೂಪದಲ್ಲಿ ಹೊರಬಂದವು. ದಾಸರ ಪದಗಳನ್ನು ಭಜನೆಯಲ್ಲಿ ಮಾತ್ರ ಕೇಳಿ ಬಲ್ಲವರಿಗೆ, ಅವು ಜಗತ್ತಿನ ಅನುಭಾವ ಸಾಹಿತ್ಯದ ಪಂಕ್ತಿಯಲ್ಲಿ ಕೂರತಕ್ಕವೆಂಬುದನ್ನು ಆ ಗ್ರಂಥವು ತೋರಿಸಿಕೊಟ್ಟಿತು.

ಅದೇ ಇಂಡಿ ತಾಲೂಕಿನ ಅಗರಖೇಡದಲ್ಲಿ 1904ರಲ್ಲಿ ಜನಿಸಿದ ಆದ್ಯ ರಂಗಾಚಾರ್ಯರು ಎರಡನೆಯವರು. ಡೆಕ್ಕನ್ ಕಾಲೇಜಿನಲ್ಲಿ ಕಲಿತು, ಲಂಡನ್ನಿಗೆ ಹೋಗಿ ಉನ್ನತ ವ್ಯಾಸಂಗ ಮಾಡಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾದರು. ಕನ್ನಡಿಗರಿಗೆ ಅವರು 'ಶ್ರೀರಂಗ' ಎಂದೇ ಪರಿಚಿತರು. ಭರತಮುನಿಯ ನಾಟ್ಯಶಾಸ್ತ್ರವನ್ನು ಅನುವಾದಿಸಿದವರೂ ಅವರೇ, 'ಹರಿಜನ್ವಾರ', 'ಕೇಳು ಜನಮೇಜಯ' ಮುಂತಾದ ನಾಟಕಗಳನ್ನು ಬರೆದವರೂ ಅವರೇ. 'ಕಾಲಿದಾಸ' ಕೃತಿಗೆ 1971ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಅವರ ನಾಟಕಗಳು ಸಂಪ್ರದಾಯಸ್ಥರ ನಡೆನುಡಿಗಳನ್ನು ಕಟುವಾಗಿ ಪ್ರಶ್ನಿಸಿದವು. ಆ ಕಾರಣದಿಂದ ಆಸ್ತಿಕರ ಮನೆಗಳಲ್ಲಿ ಅವರ ಹೆಸರು ಸಂಕೋಚದಿಂದ ಬರುವುದುಂಟು. ಆದರೆ ತರ್ಪಣದ ಪಟ್ಟಿಯು ಸಖನನ್ನು ಹೇಳುವಾಗ, ಎಲ್ಲದಕ್ಕೂ ತಲೆಯಾಡಿಸಿದ ಸಖನೆಂದು ವಿಶೇಷಣವನ್ನು ಸೇರಿಸುವುದಿಲ್ಲ. ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿರೂಪಿಸಿದ ಬಳಿಕವೇ ಸಿದ್ಧಾಂತವನ್ನು ಹೇಳುವ ಪರಂಪರೆಯವರಿಗೆ, ಪ್ರಶ್ನಿಸಿದ ಮನೆಮಗನನ್ನು ನೆನೆಯುವುದು ಕಷ್ಟವಾಗಬಾರದು. ಅವರು 1984ರ ಅಕ್ಟೋಬರಿನಲ್ಲಿ ನಿಧನ ಹೊಂದಿದರು.

ಮೂರನೆಯವರು ಶಾಸನತಜ್ಞ ಜಿ. ಎಸ್. ಗಾಯಿ ಅವರು. ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಕನ್ನಡ ಶಾಸನಗಳನ್ನೇ ಆಧರಿಸಿ ಹಳಗನ್ನಡದ ಐತಿಹಾಸಿಕ ವ್ಯಾಕರಣವನ್ನು ಅವರು ರಚಿಸಿದರು. ಡೆಕ್ಕನ್ ಕಾಲೇಜು ಅದನ್ನು 1946ರಲ್ಲಿ ಪ್ರಕಟಿಸಿತು. ಮುಂದೆ ಅವರು ಭಾರತೀಯ ಪುರಾತತ್ತ್ವ ಇಲಾಖೆಯ ಮುಖ್ಯ ಶಾಸನತಜ್ಞರಾದರು. ಕನ್ನಡ ನಾಡಿನ ಕಲ್ಲುಗಳಲ್ಲಿ ಕೊರೆದ ಪದಗಳಿಗೆ ವ್ಯಾಕರಣವೊಂದು ಮುಳಾ ಮುಠಾ ತೀರದಲ್ಲಿ ಸಿದ್ಧವಾಯಿತೆಂಬುದು ಪುಣೆಯ ಕನ್ನಡಿಗರಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಶಿಷ್ಯರನ್ನು ನೆನೆದ ಮೇಲೆ ಗುರುಗಳನ್ನು ಬಿಡಲಾಗದು. 1882ರಿಂದ 1893ರವರೆಗೆ ಇಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಡಾ. ರಾಮಕೃಷ್ಣ ಗೋಪಾಲ ಭಾಂಡಾರಕರರು ವೈಷ್ಣವಾದಿ ಮತಗಳನ್ನು ಕುರಿತ ತಮ್ಮ 1913ರ ಗ್ರಂಥದಲ್ಲಿ ಶ್ರೀಮದಾಚಾರ್ಯರ ಕಾಲವನ್ನು ಚರ್ಚಿಸಿದರು. ಅದಕ್ಕಾಗಿ ಅವರು ಮಾಧ್ವ ಮಠಗಳಲ್ಲಿ ಉಳಿದುಬಂದ ಗುರುಪರಂಪರೆಯ ಪಟ್ಟಿಯನ್ನು ಶ್ರೀಕೂರ್ಮಂ ಕ್ಷೇತ್ರದ ಶ್ರೀನರಹರಿತೀರ್ಥರ ಶಾಸನದೊಡನೆ ಹೋಲಿಸಿ ನೋಡಿದರು. ಅಲ್ಲಿಯೇ ಪ್ರಾಧ್ಯಾಪಕರಾಗಿದ್ದ ಕೆ. ಬಿ. ಪಾಠಕರು 'ಕವಿರಾಜಮಾರ್ಗ'ವನ್ನು ಸಂಪಾದಿಸಿ 1898ರಲ್ಲಿ ಬೆಳಕಿಗೆ ತಂದರು. ಡಾ. ಎಸ್. ಎಂ. ಕತ್ರೆಯವರು 1948ರಲ್ಲಿ ಸಂಸ್ಕೃತದ ಬೃಹತ್ಕೋಶದ ಕಾರ್ಯವನ್ನು ಆರಂಭಿಸಿದರು. ಸುಮಾರು 1500 ಗ್ರಂಥಗಳಿಂದ ಪದಗಳನ್ನು ಆಯ್ದು, ಒಂದೊಂದು ಪ್ರಯೋಗಕ್ಕೆ ಒಂದೊಂದರಂತೆ ಬರೆದ ಚೀಟಿಗಳು ಒಂದು ಕೋಟಿಯ ಸಮೀಪಕ್ಕೆ ಹೋದವು. ಮೊದಲ ಭಾಗ 1976ರಲ್ಲಿ ಅಚ್ಚಾಯಿತು. ಮೂವತ್ತಕ್ಕೂ ಹೆಚ್ಚು ಸಂಪುಟಗಳು ಬಂದ ಮೇಲೂ ಅಕಾರದಿಂದ ಆರಂಭವಾಗುವ ಪದಗಳೇ ಮುಗಿದಿರಲಿಲ್ಲ. ಆ ಚೀಟಿಗಳನ್ನು ಬರೆದ ಪಂಡಿತರೂ ವಿದ್ಯಾರ್ಥಿಗಳೂ ಬಹುಮಟ್ಟಿಗೆ ಇಂದು ಇಲ್ಲ. ಹಕಾರದ ಸಂಪುಟವನ್ನು ತಾವು ಕಾಣಲಾರೆವೆಂದು ತಿಳಿದೂ ಅವರು ಬರೆದರು. ಫಲದ ಆಸೆಯನ್ನು ಬಿಟ್ಟು ಮಾಡುವ ಕರ್ಮವನ್ನು ಗೀತೆಯಲ್ಲಿ ಓದುವವರು, ಅದನ್ನು ಕಣ್ಣಾರೆ ಕಾಣಬೇಕಾದರೆ ಆ ಚೀಟಿಗಳನ್ನು ಕಾಣಬೇಕು.

ಇಷ್ಟು ಘನತೆಯುಳ್ಳ ಸಂಸ್ಥೆಯೂ ಒಮ್ಮೆ ಮುಚ್ಚಿಹೋಗಿತ್ತು. 1934ರಲ್ಲಿ ಸರ್ಕಾರವು ಡೆಕ್ಕನ್ ಕಾಲೇಜನ್ನು ಮುಚ್ಚಿತು. ತಿಲಕರು, ಆಗರಕರರು ಓದಿದ ಕೊಠಡಿಗಳಿಗೆ ಬೀಗ ಬಿದ್ದಿತು. ಆಗ ಸುಮ್ಮನಿರದವರು ಹಳೆಯ ವಿದ್ಯಾರ್ಥಿಗಳು. ಅವರು ತಮ್ಮ ವ್ಯಾಸಂಗ ಮುಗಿಸಿ ಎಷ್ಟೋ ವರ್ಷಗಳಾಗಿದ್ದವು. ಕಾಲೇಜಿನಿಂದ ಅವರಿಗೆ ಇನ್ನು ಆಗಬೇಕಾದ ಲಾಭವೇನೂ ಇರಲಿಲ್ಲ. ಆದರೂ ಅವರು, ಆ ಸ್ಥಳವೂ ಕಟ್ಟಡವೂ ವಿದ್ಯೆಗಾಗಿ ದಾನವಾಗಿ ಬಂದುದರಿಂದ ವಿದ್ಯೆಗೇ ಸಲ್ಲತಕ್ಕದ್ದೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಆ ಹೋರಾಟದ ಫಲವಾಗಿ 1939ರ ಆಗಸ್ಟ್ 17ರಂದು ಕಾಲೇಜು ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಪುನಃ ತೆರೆಯಿತು. 1990ರಲ್ಲಿ ಅದಕ್ಕೆ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಸ್ಥಾನ ದೊರೆಯಿತು. ಪುರಾತತ್ತ್ವ, ಭಾಷಾಶಾಸ್ತ್ರ, ಸಂಸ್ಕೃತ ಕೋಶವಿಜ್ಞಾನ ಎಂಬ ಕೆಲವೇ ವಿಭಾಗಗಳಿರುವ ಚಿಕ್ಕ ವಿದ್ಯಾಪೀಠವದು. ಗಾಯಿಯವರ ವ್ಯಾಕರಣವೂ ಸಂಸ್ಕೃತದ ಬೃಹತ್ಕೋಶವೂ 1939ರ ನಂತರದವು. ಹಳೆಯ ವಿದ್ಯಾರ್ಥಿಗಳು ತಮ್ಮ ಸಂಸ್ಥೆಯನ್ನು ಮರೆತಿದ್ದರೆ ಇವೆರಡೂ ಅಲ್ಲಿ ಹುಟ್ಟುತ್ತಿರಲಿಲ್ಲ. ಸ್ಮರಣೆಯು ಕಣ್ಣೀರಿನಲ್ಲಿ ಮುಗಿಯದೆ ಕಾರ್ಯವಾಗಿ ಫಲಿಸಿದ್ದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಲ್ಲಿ ಮಾಧ್ವ ಸಿದ್ಧಾಂತದ ವೈಶಿಷ್ಟ್ಯವೊಂದನ್ನು ನೆನೆಯುವುದು ಉಚಿತ. ನೈಯಾಯಿಕರೇ ಮೊದಲಾದವರು ಸ್ಮೃತಿಯನ್ನು, ಅಂದರೆ ನೆನಪನ್ನು, ಪ್ರಮೆಯೆಂದು ಒಪ್ಪುವುದಿಲ್ಲ. ಹಿಂದೆ ತಿಳಿದುದನ್ನೇ ಅದು ಮತ್ತೆ ತಿಳಿಸುತ್ತದೆಂಬುದು ಅವರ ಆಕ್ಷೇಪ. ನಮ್ಮ ಸಿದ್ಧಾಂತವಾದರೋ ವಸ್ತುವನ್ನು ಇದ್ದಂತೆ ತಿಳಿಸುವುದೇ ಪ್ರಮಾಣವೆಂದು ಲಕ್ಷಣ ಹೇಳಿ, ಯಥಾರ್ಥವಾದ ಸ್ಮೃತಿಯನ್ನೂ ಅದರೊಳಗೆ ಸೇರಿಸಿಕೊಂಡಿದೆ. ಶ್ರೀಜಯತೀರ್ಥರು ತಮ್ಮ 'ಪ್ರಮಾಣಪದ್ಧತಿ'ಯಲ್ಲಿ ಸ್ಮೃತಿಯ ಪ್ರಾಮಾಣ್ಯವನ್ನು ಸಮರ್ಥಿಸಿದ್ದಾರೆ. ಸಂಸ್ಕಾರದ ಸಹಾಯದಿಂದ ಮನಸ್ಸೇ ಭೂತಕಾಲವನ್ನು ಸಾಕ್ಷಾತ್ತಾಗಿ ಗ್ರಹಿಸುತ್ತದೆಂಬುದು ಸಿದ್ಧಾಂತದ ನಿಲುವು. ಹಾಗಾದರೆ ತೀರಿಕೊಂಡವರ ನೆನಪು ಬರಿಯ ಭಾವಾವೇಶವಲ್ಲ, ಅದೊಂದು ಜ್ಞಾನ. ಜ್ಞಾನವಾದುದರಿಂದ ಅದು ಯಥಾರ್ಥವಾಗಿರಬೇಕು. ಸತ್ತವರನ್ನು ಹೊಗಳುವ ಭರದಲ್ಲಿ ಇಲ್ಲದ ಗುಣವನ್ನು ಆರೋಪಿಸುವುದೂ, ಇದ್ದ ಭಿನ್ನಾಭಿಪ್ರಾಯವನ್ನು ಮುಚ್ಚುವುದೂ ಸ್ಮೃತಿಯಲ್ಲ, ಭ್ರಾಂತಿ.

ಹೆಸರಾಂತವರ ಸ್ಮರಣೆಗೆ ಗ್ರಂಥಗಳಿವೆ. ಆದರೆ ಅದೇ ಕಾಲೇಜಿನಲ್ಲಿ, ಅದೇ ಕಾಲದಲ್ಲಿ ಓದಿ, ಊರಿಗೆ ಮರಳಿ ಶಾಲಾಮಾಸ್ತರರಾಗಿ, ವಕೀಲರಾಗಿ, ಗುಮಾಸ್ತರಾಗಿ ಬಾಳು ಸವೆಸಿದವರ ಸಂಖ್ಯೆಯೇ ದೊಡ್ಡದು. ಕೆಲವರಿಗೆ ಸಂತಾನವಿರಲಿಲ್ಲ, ಕೆಲವರ ಮಕ್ಕಳು ಪರದೇಶಗಳಲ್ಲಿ ನೆಲೆಸಿದ್ದಾರೆ. ಅವರ ಹೆಸರುಗಳು ಹಳೆಯ ಟ್ರಂಕುಗಳಲ್ಲಿರುವ ಪದವಿಪತ್ರಗಳಲ್ಲಿ, ಪಾಠದ ಟಿಪ್ಪಣಿಗಳಲ್ಲಿ, ಪುಸ್ತಕದ ಮೊದಲ ಪುಟದ ಸಹಿಯಲ್ಲಿ ಮಾತ್ರ ಉಳಿದಿವೆ. ಮನೆಯನ್ನು ಫ್ಲ್ಯಾಟಾಗಿ ಕಟ್ಟಿಸುವಾಗ ಆ ಟ್ರಂಕು ರದ್ದಿಯವನ ಪಾಲಾದರೆ, ಆ ಮನುಷ್ಯನು ಎರಡನೆಯ ಬಾರಿ ತೀರಿಕೊಂಡಂತೆ.

ಆದಕಾರಣ ಪುಣೆಯ ಮಾಧ್ವ ಕುಟುಂಬಗಳು ಮೂರು ಕಾರ್ಯಗಳನ್ನು ಕೈಗೊಳ್ಳಬಹುದು. ಮೊದಲನೆಯದು, ತರ್ಪಣಾಧಿಕಾರವುಳ್ಳವರು ಮಹಾಲಯಕ್ಕೆ ಮುಂಚೆಯೇ ಮನೆಯ ಹಿರಿಯರನ್ನು ಕೇಳಿ, ತಮಗೆ ವಿದ್ಯೆ ಕಲಿಸಿದವರ ಮತ್ತು ತಮ್ಮೊಡನೆ ಕಲಿತವರ ಪೈಕಿ ದಿವಂಗತರಾದವರ ಹೆಸರುಗಳನ್ನು ಬರೆದಿಟ್ಟುಕೊಂಡು, ಪಟ್ಟಿಯ ಕೊನೆಯ ಸಾಲಿನಲ್ಲಿ ಹೇಳುವುದು. ಗೋತ್ರ ತಿಳಿಯದಿದ್ದಲ್ಲಿ ಕಾಶ್ಯಪಗೋತ್ರವನ್ನು ಹೇಳುವ ರೂಢಿಯಿದೆ; ವಿಧಿಯ ವಿವರವನ್ನು ಮನೆಯ ಪುರೋಹಿತರಲ್ಲಿ ಕೇಳಿ ತಿಳಿಯಬೇಕು. ಎರಡನೆಯದು, ಹಳೆಯ ಪತ್ರ, ಟಿಪ್ಪಣಿ, ಹಸ್ತಪ್ರತಿಗಳನ್ನು ಬಿಸಾಡುವ ಮುನ್ನ ಬಲ್ಲವರಿಗೆ ತೋರಿಸುವುದು. ಮೂರನೆಯದು, ದಿವಂಗತರ ಹೆಸರಿನಲ್ಲಿ ಒಬ್ಬ ಬಡ ವಿದ್ಯಾರ್ಥಿಗೆ ಒಂದು ವರ್ಷದ ಪುಸ್ತಕ ಅಥವಾ ಊಟದ ವೆಚ್ಚವನ್ನು ವಹಿಸುವುದು. ದಕ್ಷಿಣೆಯಿಂದ ಹುಟ್ಟಿದ ವಿದ್ಯಾಪೀಠದ ಋಣವು ದಕ್ಷಿಣೆಯಿಂದಲೇ ತೀರಲಿ.

ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರರಲ್ಲಿ ಋಷಿಋಣವು ಅಧ್ಯಯನದಿಂದ ತೀರತಕ್ಕದ್ದು. ಕಲಿಸಿದವನು ತೀರಿಕೊಂಡಾಗ ಋಷಿಋಣವೂ ಪಿತೃಋಣವೂ ಒಂದೇ ಸ್ಥಾನದಲ್ಲಿ ಬಂದು ಕೂಡುತ್ತವೆ, ಮುಳಾ ಮುಠಾ ನದಿಗಳು ಕೂಡುವಂತೆ. ಆ ನೀರು ಯರವಡೆಯನ್ನು ದಾಟಿ, ಪಂಢರಪುರವನ್ನು ದಾಟಿ, ಅಗರಖೇಡದ ಸೀಮೆಯಲ್ಲಿ ಇಂದಿಗೂ ಹರಿಯುತ್ತಿದೆ. ಮುಂದಿನ ಸರ್ವಪಿತೃ ಅಮಾವಾಸ್ಯೆಯಂದು ಕೈಯಲ್ಲಿ ಎಳ್ಳುನೀರು ಹಿಡಿದಾಗ, ಗುರು, ಶಿಷ್ಯ, ಸಖ, ಆಪ್ತ ಎಂಬಲ್ಲಿ ಒಂದು ಕ್ಷಣ ತಡೆದು, ಒಂದೊಂದು ಹೆಸರನ್ನಾದರೂ ಉಚ್ಚರಿಸುವಂತಾಗಲಿ. ಸರ್ವಪಿತೃಗಳ ಅಂತರ್ಯಾಮಿಯಾದ ಶ್ರೀಜನಾರ್ದನನು ಅದರಿಂದ ಪ್ರೀತನಾಗಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥