ಗಡಿಗೆಯೊಳಗಿನ ಪುಸ್ತಕಗಳು



‘ನೀನು ಯಾರು?’ ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? ಹೆಸರು, ಊರು, ತಂದೆಯ ಹೆಸರು, ಓದುತ್ತಿರುವ ತರಗತಿ. ಇವೆಲ್ಲವನ್ನೂ ತೆಗೆದುಹಾಕಿದರೆ ಉಳಿಯುವುದೇನು? ಈ ಪ್ರಶ್ನೆಗೆ ಉತ್ತರ ಕಾಣುವುದೇ ಮುಕ್ತಿಯ ದಾರಿ ಎಂದು ನಂಬಿದ್ದವರ ಪುಸ್ತಕಗಳ ಕಥೆಯನ್ನು ಇಂದು ಹೇಳುತ್ತೇನೆ.

ಈಜಿಪ್ಟಿನ ನೈಲ್ ನದಿಯ ದಂಡೆಯಲ್ಲಿ ನಾಗ್ ಹಮ್ಮಾದಿ ಎಂಬ ಊರಿದೆ. 1945ರಲ್ಲಿ ಅಲ್ಲಿಗೆ ಸಮೀಪದ ಬೆಟ್ಟದ ಬುಡದಲ್ಲಿ ಗೊಬ್ಬರದ ಮಣ್ಣು ಅಗೆಯುತ್ತಿದ್ದ ರೈತರಿಗೆ ಮಣ್ಣಿನ ಗಡಿಗೆಯೊಂದು ಸಿಕ್ಕಿತೆಂದು ಹೇಳುತ್ತಾರೆ. ಅದರೊಳಗಿದ್ದದ್ದು ಚಿನ್ನವಲ್ಲ, ತೊಗಲಿನ ರಟ್ಟು ಹಾಕಿದ ಪಪೈರಸ್ ಪುಸ್ತಕಗಳು. ವಿದ್ವಾಂಸರ ಎಣಿಕೆಯಂತೆ ಅವು 13 ಸಂಪುಟಗಳು, 52 ಕೃತಿಗಳು. ಗ್ರೀಕ್ ಮೂಲದಿಂದ ಈಜಿಪ್ಟಿನ ಕಾಪ್ಟಿಕ್ ಭಾಷೆಗೆ ಅನುವಾದವಾದವು. ಇಂದು ಕೈರೋದ ಕಾಪ್ಟಿಕ್ ವಸ್ತುಸಂಗ್ರಹಾಲಯದಲ್ಲಿವೆ.

ಇವುಗಳ ವಯಸ್ಸನ್ನು ತಿಳಿದದ್ದು ಹೇಗೆ ಗೊತ್ತೇ? ರಟ್ಟು ಗಟ್ಟಿಯಾಗಲೆಂದು ಒಳಗೆ ರದ್ದಿ ಪಪೈರಸ್ ತುಂಬಿದ್ದರು. ಒಂದು ಸಂಪುಟದ ರದ್ದಿಯಲ್ಲಿ ಕ್ರಿ.ಶ. 341, 346 ಮತ್ತು 348ರ ತಾರೀಖುಗಳು ಸಿಕ್ಕವು. ಅಂದಮೇಲೆ ಆ ರಟ್ಟು 348ಕ್ಕಿಂತ ಮೊದಲು ತಯಾರಾಗಿರಲು ಸಾಧ್ಯವಿಲ್ಲ. ಬಿಸಾಡಿದ ಕಾಗದವೇ ಇಲ್ಲಿ ಸಾಕ್ಷಿ ಹೇಳಿತು!

ಇವುಗಳಲ್ಲಿ ಬಹುಪಾಲು ಕೃತಿಗಳನ್ನು ‘ನಾಸ್ಟಿಕ್’ ಗ್ರಂಥಗಳೆಂದು ಕರೆಯುತ್ತಾರೆ. ನಮ್ಮ ‘ನಾಸ್ತಿಕ’ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ಗ್ರೀಕ್ ಭಾಷೆಯ ‘ಗ್ನೋಸಿಸ್’ ಎಂದರೆ ಅರಿವು. ಅದೂ ನಮ್ಮ ‘ಜ್ಞಾನ’ವೂ ಒಂದೇ ಪ್ರಾಚೀನ ಧಾತುವಿನಿಂದ ಬಂದ ಪದಗಳು. ಮನುಷ್ಯನೊಳಗೆ ದೈವದ ಕಿಡಿಯೊಂದಿದೆ, ಆತ ಅದನ್ನು ಮರೆತು ನಿದ್ರೆಯಲ್ಲಿದ್ದಾನೆ, ತನ್ನ ಮೂಲವನ್ನು ಅರಿತಾಗ ಎಚ್ಚರಗೊಳ್ಳುತ್ತಾನೆ: ಈ ಭಾವನೆ ಇವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಹಾಗೆಂದು ಎಲ್ಲ ಕೃತಿಗಳೂ ಒಂದೇ ಮಾತು ಹೇಳುವುದಿಲ್ಲ. ಯೇಸುವಿನ 114 ನುಡಿಗಳೆಂದು ಸಂಗ್ರಹಿಸಿದ ‘ತೋಮನ ಸುವಾರ್ತೆ’ ಇಲ್ಲಿದೆ. ಅದು ನಿಜಕ್ಕೂ ನಾಸ್ಟಿಕ್ ಕೃತಿಯೇ ಎಂಬ ಚರ್ಚೆ ಇನ್ನೂ ನಡೆದಿದೆ. ಪ್ಲೇಟೋ ಬರೆದ ‘ರಿಪಬ್ಲಿಕ್’ ಗ್ರಂಥದ ಒಂದು ತುಣುಕೂ ಇದೆ.

ಈಗ ಒಂದು ವಿಷಯ ಗಮನಿಸಿ. ಸುಮಾರು ಕ್ರಿ.ಶ. 180ರಲ್ಲಿ ಲಿಯೋನ್ ನಗರದ ಬಿಷಪ್ ಐರೇನಿಯಸ್ ಈ ಪಂಥಗಳನ್ನು ಖಂಡಿಸಿ ದೊಡ್ಡ ಗ್ರಂಥ ಬರೆದರು. ಮುಂದೆ ಶತಮಾನಗಳ ಕಾಲ ಜಗತ್ತು ನಾಸ್ಟಿಕರನ್ನು ಬಹುಮಟ್ಟಿಗೆ ಇಂಥ ವಿರೋಧಿಗಳ ಮಾತಿನಿಂದಲೇ ತಿಳಿದಿತ್ತು. ಗಡಿಗೆ ಸಿಕ್ಕ ಮೇಲೆ ಅವರ ಮಾತು ಅವರ ಪುಸ್ತಕಗಳಿಂದಲೇ ಕೇಳಿಸಿತು. 1977ರಲ್ಲಿ ಇಡೀ ಸಂಗ್ರಹ ಇಂಗ್ಲಿಷಿನಲ್ಲಿ ಒಂದೇ ಸಂಪುಟವಾಗಿ ಬಂದಾಗ ಸಾಮಾನ್ಯ ಓದುಗರಿಗೂ ಅದು ದಕ್ಕಿತು.

ನಿಮ್ಮ ಬಗ್ಗೆಯೂ ಹತ್ತು ಜನ ಹತ್ತು ಮಾತು ಆಡುತ್ತಾರೆ. ಅಂಕಪಟ್ಟಿ ಒಂದು ಹೇಳುತ್ತದೆ, ನೆರೆಹೊರೆಯವರು ಇನ್ನೊಂದು ಹೇಳುತ್ತಾರೆ. ಅವುಗಳಲ್ಲಿ ನಿಜವೂ ಇರಬಹುದು. ಆದರೆ ‘ನಾನು ಯಾರು?’ ಎಂಬುದಕ್ಕೆ ಪರರ ವರದಿಯೊಂದೇ ಸಾಲದು. ಈ ಗ್ರಂಥಗಳನ್ನು ನೀವು ಒಪ್ಪಬೇಕಾಗಿಲ್ಲ, ತಳ್ಳಿಹಾಕಬೇಕಾಗಿಯೂ ಇಲ್ಲ. ಅವು ಕೇಳುವ ಪ್ರಶ್ನೆಯನ್ನು ಮಾತ್ರ ಒಮ್ಮೆ ನಿಮಗೆ ನೀವೇ ಕೇಳಿಕೊಳ್ಳಿ. ಉತ್ತರಕ್ಕೆ ಅವಸರ ಬೇಡ.