ಎಮ್ಮೆ ಗಂಡುಕರು ಮೈ ತುಂಬ್ಕೊಳ್ಳೋದು ಹೇಗೆ?

ಹೈದರಾಬಾದಿನ ನಮ್ಮ ಹುಡುಗರು ಕೆಲವರು ಮಾಂಸಕ್ಕೆ ಎಮ್ಮೆ ಗಂಡುಕರು ಸಾಕೋ ಲೆಕ್ಕ ಹಾಕ್ತಿದ್ದಾರೆ. ಕೊಟ್ಟಿಗೆ ಬೀದರಲ್ಲೋ ಜಹೀರಾಬಾದಲ್ಲೋ ಅನ್ನೋದನ್ನ ಮೊದಲು ಯೋಚಿಸಿ. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆಯಲ್ಲಿ 13 ವರ್ಷದೊಳಗಿನ ಕೋಣವೂ ಸೇರಿದೆ.

ಇನ್ನು ಮೇವು. ಬೇಗ ತೂಕ ಬರಲಿ ಅಂತ ಒಮ್ಮೆಗೇ ನುಚ್ಚು ಸುರಿದ್ರೆ ರೂಮೆನ್‌ನಲ್ಲಿ ಹುಳಿ ಏರಿ ಕರು ನೆಲ ಹಿಡಿಯುತ್ತೆ, ಸಾಯಲೂಬಹುದು. ಎರಡು ವಾರ ತಗೊಂಡು ನಿಧಾನಕ್ಕೆ ಹೆಚ್ಚಿಸಿ.

ರೂಮೆನ್ ಅಂದ್ರೆ ದೋಸೆ ಹಿಟ್ಟಿನ ಪಾತ್ರೆ ಇದ್ದಂಗೆ, ಅಲ್ಲಿ ಹುದುಗಿಸೋದು ಜೀವಾಣುಗಳು. ಅವಕ್ಕೆ ಸಾರಜನಕ ಬೇಕು. ತೆಲಂಗಾಣದ ತುಂಬ ಸಿಗೋ ಭತ್ತದ ಹುಲ್ಲಲ್ಲಿ ಅದೇ ಕಮ್ಮಿ. 100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾ ಸಾಕು. 50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ಚೆನ್ನಾಗಿ ತುಳಿದು, ಪ್ಲಾಸ್ಟಿಕ್ ಹೊದಿಸಿ ಗಾಳಿಯಾಡದಂಗೆ 21 ದಿನ ಬಿಡಿ. ಅಮೋನಿಯಾ ಹುಟ್ಟಿ ಹುಲ್ಲನ್ನ ಮೆತ್ತಗೆ ಮಾಡುತ್ತೆ. ತೆಗೆದು ಹರಡಿ, ಘಾಟು ಹೋದ್ಮೇಲೆ ಹಾಕಿ. 6 ತಿಂಗಳೊಳಗಿನ ಕರುಗೆ ಬೇಡ.

ಯೂರಿಯಾ ನೀರು ಕುಡಿದ ದನ ಒಂದೆರಡು ಗಂಟೆಯಲ್ಲೇ ಸಾಯ್ಬಹುದು. ಕಲಸೋ ಡ್ರಮ್ಮು ಕೊಟ್ಟಿಗೆಯಿಂದ ದೂರ ಇರಲಿ, ಕೆಲಸದವರಿಗೂ ಹೇಳಿಡಿ.